ಎಂಜಿನ್ನಿನ ಉಸಿರು

ಮೋಟಾರು ಕಾರಿನ ಬಾನೆಟ್ಟನ್ನು ಎತ್ತಿ ನೋಡಿದವರ ದೃಷ್ಟಿ ಮೊದಲು ಹರಿಯುವುದು ಎಂಜಿನ್ನಿನ ದೊಡ್ಡ ಮೈಯ ಕಡೆಗೆ. ಅದರ ಮಗ್ಗುಲಿಗೆ ಬೆರಳುಗಳಂತೆ ಚಾಚಿಕೊಂಡಿರುವ ನಾಲ್ಕೋ ಆರೋ ನಳಿಗೆಗಳನ್ನು ಗಮನಿಸುವವರು ವಿರಳ. ಸಿಲಿಂಡರುಗಳಿಗೆ ಗಾಳಿಯನ್ನು ಹಂಚುವ ಈ ಗೊಂಚಲಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು. ಹೊರನೋಟಕ್ಕೆ ಬರಿಯ ಕೊಳಾಯಿ ಕೆಲಸ. ಆದರೆ ಅದನ್ನು ರೂಪಿಸ ಹೊರಟವನಿಗೆ ಕೊಳಲಿನ ಮರ್ಮವೂ ತಿಳಿದಿರಬೇಕು.

ಕಾರ್ಬ್ಯುರೇಟರಿನ ಕಾಲದಲ್ಲಿ ಅವನ ಕೈ ಕಟ್ಟಿದಂತಿದ್ದಿತು. ಗಾಳಿಯೊಡನೆ ಪೆಟ್ರೋಲಿನ ಹನಿಗಳೂ ಅದೇ ನಳಿಗೆಯಲ್ಲಿ ಸಾಗಬೇಕು. ನಳಿಗೆ ನೀಳವಾದರೆ ಹನಿಗಳು ಗೋಡೆಗೆ ಅಂಟಿ, ಒಂದು ಸಿಲಿಂಡರಿಗೆ ಹೆಚ್ಚು, ಮತ್ತೊಂದಕ್ಕೆ ಕಡಮೆ. 1954ರಲ್ಲಿ ಹೊರಬಂದ ಮರ್ಸಿಡಿಸ್ 300 ಎಸ್‌ಎಲ್ ಕಾರಿನಲ್ಲಿ ಬಾಷ್ ಪಂಪು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸಿತು. ಮುಂದೆ ಬಂದ ಅನೇಕ ಕಾರುಗಳಲ್ಲಿ ಕವಾಟದ ಹೊಸ್ತಿಲಲ್ಲಿ ಚಿಮ್ಮಿಸುವ ಪದ್ಧತಿ ನೆಲೆಯೂರಿತು. ಹೇಗಾದರೂ ನಳಿಗೆಗೆ ಇಂಧನ ಹೊರುವ ಚಾಕರಿ ತಪ್ಪಿತು. ಗಾಳಿಗೆ ಒಪ್ಪುವ ಉದ್ದವನ್ನು ಅದಕ್ಕೆ ಕೊಡಬಹುದಾಯಿತು.

ಗಾಳಿಗೆ ಒಪ್ಪುವ ಉದ್ದವೆಂದರೇನು? ಪಿಸ್ಟನ್ನು ಕೆಳಗಿಳಿಯುತ್ತ ಗಾಳಿಯನ್ನು ಸೆಳೆದಾಗ ಆ ಸೆಳೆತ ಒಂದು ಅಲೆಯಾಗಿ ನಳಿಗೆಯ ತೆರೆದ ಬಾಯಿಯತ್ತ ಶಬ್ದದ ವೇಗದಲ್ಲಿ ಓಡುತ್ತದೆ. ಬಾಯಿ ಮುಟ್ಟಿದೊಡನೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಕವಾಟ ಮುಚ್ಚುವ ಮುನ್ನವೇ ಅದು ಬಂದು ಸೇರಿದರೆ ಇನ್ನಷ್ಟು ಗಾಳಿ ಪುಕ್ಕಟೆಯಾಗಿ ಒಳನುಗ್ಗುವುದು. ತಡವಾದರೆ ಮುಚ್ಚಿದ ಬಾಗಿಲಿಗೆ ತಲೆ ಬಡಿದುಕೊಳ್ಳುವುದು. ಅಲೆ ಕಾಲು ಸುತ್ತಿನೊಳಗೆ ಮರಳಬೇಕೆಂದು ಇಟ್ಟುಕೊಂಡರೆ ಲೆಕ್ಕ ಸುಲಭ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಕಾಲು ಸುತ್ತಿಗೆ ಹಿಡಿಯುವುದು ಒಂದು ಸೆಕೆಂಡಿನ 400ನೆಯ ಒಂದು ಪಾಲು. ಅಷ್ಟರಲ್ಲಿ ಶಬ್ದ ಕ್ರಮಿಸುವ ದೂರ ಸುಮಾರು 85 ಸೆಂಟಿಮೀಟರು. ಹೋಗಿ ಬರಬೇಕಾದುದರಿಂದ ನಳಿಗೆಯ ಉದ್ದ ಅದರಲ್ಲಿ ಅರ್ಧ, 42 ಸೆಂಟಿಮೀಟರಿನ ಆಸುಪಾಸು. 3000 ಸುತ್ತಿಗಾದರೆ ಇದರ ಎರಡರಷ್ಟು.

ತೊಡಕಿರುವುದು ಇಲ್ಲಿಯೇ. ಒಂದು ಉದ್ದ ಒಂದು ವೇಗಕ್ಕೆ ಚೆನ್ನಾಗಿ ಒಪ್ಪಿದರೆ ಉಳಿದವುಗಳಿಗೆ ಅಷ್ಟಕ್ಕಷ್ಟೆ. ಪೇಟೆಯ ಕಾರಿಗೆ ನೀಳವಾದ ನಳಿಗೆ, ಪಂದ್ಯದ ಕಾರಿಗೆ ಗಿಡ್ಡನೆಯದು. ಯಾವ ವೇಗವನ್ನು ಬಿಟ್ಟುಕೊಡಬೇಕೆಂಬುದನ್ನು ಎರಕ ಹೊಯ್ಯುವ ಮೊದಲೇ ತೀರ್ಮಾನಿಸಬೇಕು. ಅಂಥ ವೈರಾಗ್ಯ ಎಲ್ಲರಿಗೂ ಸುಲಭವಲ್ಲ.

ಜಪಾನಿನ ಮಾಜ್ದಾ ಸಂಸ್ಥೆಯ ಎಂಜಿನಿಯರುಗಳಂತೂ ಬಿಟ್ಟುಕೊಡಲು ಒಪ್ಪಲಿಲ್ಲ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ ಗೆಲುವು ಅವರಿಗೆ ವರ್ಷಗಟ್ಟಲೆ ಒಲಿದಿರಲಿಲ್ಲ. ಅಲ್ಲಿ ಪೆಟ್ರೋಲಿಗೂ ಮಿತಿ. ಶಕ್ತಿ ಬೇಕು, ದುಂದು ಕೂಡದು. 1991ರಲ್ಲಿ ಅವರು ತಂದ 787ಬಿ ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳೂ ಇಲ್ಲ, ಕವಾಟಗಳೂ ಇಲ್ಲ. ತ್ರಿಕೋನಾಕಾರದ ನಾಲ್ಕು ರೋಟರುಗಳು ತಿರುಗುತ್ತ ತಾವೇ ದ್ವಾರಗಳನ್ನು ತೆರೆದು ಮುಚ್ಚುತ್ತಿದ್ದವು. ಉಸಿರಿನ ನಿಯಮ ಮಾತ್ರ ಅದೇ. ಅದರ ನಳಿಗೆಗಳು ದುರ್ಬೀನಿನ ಕೊಳವೆಗಳಂತೆ ಒಂದರೊಳಗೊಂದು ಜಾರುತ್ತಿದ್ದವು. ತಿರುವಿನಲ್ಲಿ ಎಂಜಿನ್ನು ನಿಧಾನಿಸಿದೊಡನೆ ನೀಳವಾಗುವುವು. ನೇರ ದಾರಿ ಸಿಕ್ಕಿ ವೇಗ ಏರಿದಂತೆ ಗಿಡ್ಡವಾಗುವುವು.

ಗೆಲುವಿನ ಶ್ರೇಯಸ್ಸೆಲ್ಲ ನಳಿಗೆಯದೆಂದರೆ ಅತಿಶಯೋಕ್ತಿಯಾದೀತು. ಆ ಕಾರು ಹಗುರ, ಕೆಡದೆ ಓಡಿತು. ಜೂನ್ 23ರಂದು 362 ಸುತ್ತು ಮುಗಿಸಿ ಎಲ್ಲರಿಗಿಂತ ಮೊದಲಾಯಿತು. ಜಪಾನಿನ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಕೊನೆಯ ಸರದಿಯಲ್ಲಿ ಓಡಿಸಿದ ಜಾನಿ ಹರ್ಬರ್ಟ್ ಬಸವಳಿದು ವಿಜಯವೇದಿಕೆಯನ್ನು ಏರಲಾರದೆ ಹೋದರು. 1992ರ ಹೊಸ ನಿಯಮಗಳು 3.5 ಲೀಟರಿನ ಪಿಸ್ಟನ್ ಎಂಜಿನ್ನುಗಳತ್ತ ವಾಲಿದವು. ಮಾಜ್ದಾ ಆ ವರ್ಷ ಲ ಮಾನ್‌ಗೆ ಒಯ್ದದ್ದು ಪಿಸ್ಟನ್ನಿನ ಕಾರನ್ನೇ.