ಪುಟ್ಟ ಪ್ರಾಣಿಗೊಂದು ಬೊಂತೆ

ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದ ಕೊಂಡಪಲ್ಲಿ ಕನ್ನಡಿಗರಿಗೆ ಎರಡು ಕಾರಣಕ್ಕೆ ಗೊತ್ತು. ಒಂದು, ಕೃಷ್ಣದೇವರಾಯ ಗಜಪತಿಗಳ ಮೇಲೆ ದಂಡೆತ್ತಿ ಹೋದಾಗ ಗೆದ್ದ ಕೋಟೆ. ಇನ್ನೊಂದು, ಅಲ್ಲಿನ ಮರದ ಗೊಂಬೆ. ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಆನೆಯ ಸೊಂಡಿಲು, ಎತ್ತಿನ ಕೊಂಬುಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆಬೀಜದ ಪುಡಿಗೆ ಮರದ ಹೊಟ್ಟು ಬೆರೆಸಿದ ‘ಮಕ್ಕು’ ಎಂಬ ಅಂಟಿನಿಂದ ಕೂಡಿಸುತ್ತಾರೆ. ಕೆತ್ತುವಾಗ ಉದುರಿದ ಹೊಟ್ಟೇ ಗೊಂಬೆಯ ಕೀಲಾಗುತ್ತದೆ. ಉಳಿದದ್ದು ಎಲ್ಲಿಗೆ ಸಲ್ಲುತ್ತದೆ ಎಂದು ಅರಿತವರ ಕಸುಬು ಅದು.

ಮರದ ಪ್ರಾಣಿಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವ ಈ ತಿಳಿವಳಿಕೆ, ಜೀವವಿರುವ ಪ್ರಾಣಿಯ ವಿಷಯಕ್ಕೆ ಬಂದಾಗ ಎಲ್ಲ ಊರುಗಳಲ್ಲೂ ಕೈಕೊಡುತ್ತದೆ. ವಿಜಯವಾಡ, ವಿಶಾಖಪಟ್ಟಣ, ಬೆಂಗಳೂರುಗಳ ಫ್ಲ್ಯಾಟುಗಳಲ್ಲಿ ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಸಾಕುವುದು ಈಗ ಅಪರೂಪವಲ್ಲ. ಅವಕ್ಕೆ ಮನೆಯಲ್ಲೇ ಬಟ್ಟೆಯ ಹಾಸಿಗೆ ಹೊಲಿಯುವವರೂ ಇದ್ದಾರೆ. ಹೊಲಿಯುವುದು ಒಳ್ಳೆಯದೇ. ತೊಂದರೆ ಇರುವುದು ಹೊಲಿದದ್ದರ ರೂಪದಲ್ಲಿ: ಅಂಗೈಯಗಲದ ಮಂಚ, ಹತ್ತಿ ತುಂಬಿದ ದಿಂಬು, ಸುತ್ತ ಲೇಸು, ಮೂಲೆಗೊಂದು ಕುಚ್ಚು. ಅದು ಮನುಷ್ಯರ ಮಲಗುವ ಕೋಣೆಯ ಚಿಕ್ಕ ನಕಲು. ಪ್ರಾಣಿಗೆ ಬೇಕಾದದ್ದು ಅದಲ್ಲ.

ಇಂಗ್ಲಿಷಿನ ‘ಬೆಡ್ಡಿಂಗ್’ ಎಂಬ ಪದವನ್ನು ಕನ್ನಡಕ್ಕೆ ತರುವಾಗ ‘ಹಾಸಿಗೆ’ ಎಂದುಬಿಡುವುದರಲ್ಲೇ ತಪ್ಪು ಶುರುವಾಗುತ್ತದೆ. ಹಾಸಿಗೆ ಎಂದರೆ ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೋಗುವ ಜಾಗ. ಗೂಡಿನಲ್ಲಿರುವ ಗಿನಿಪಿಗ್ ಎಲ್ಲಿಗೂ ಎದ್ದು ಹೋಗುವುದಿಲ್ಲ. ಅದು ಓಡುವುದು, ತಿನ್ನುವುದು, ಉಚ್ಚೆ ಹೊಯ್ಯುವುದು, ಮಲಗುವುದು ಎಲ್ಲವೂ ಅಲ್ಲೇ. ಅದಕ್ಕೆ ಅದು ನೆಲ. ಇದಕ್ಕೆ ಸರಿಯಾದ ಮಾತು ಮಲೆನಾಡಿನ ಕೊಟ್ಟಿಗೆಯಲ್ಲಿ ಮೊದಲಿನಿಂದಲೂ ಇದೆ: ಹಾಸು. ದನದ ಕಾಲಡಿಗೆ ಸೊಪ್ಪು ಹಾಸುತ್ತಾರೆ, ನೆನೆದದ್ದನ್ನು ಗೊಬ್ಬರದ ಗುಂಡಿಗೆ ಎಳೆಯುತ್ತಾರೆ, ಮತ್ತೆ ಹೊಸದು ಹಾಸುತ್ತಾರೆ. ಹಾಸು ಇರುವುದೇ ಬದಲಾಯಿಸಲಿಕ್ಕೆ. ಬದಲಾಯಿಸಲು ಮನಸ್ಸು ಬಾರದಷ್ಟು ಚೆಂದವಾಗಿ ಹೊಲಿದದ್ದು ಹಾಸಾಗಲಾರದು.

ಹಾಗಾದರೆ ಮರದ ಹೊಟ್ಟೇ ಸಾಲದೇ ಎಂದು ಕೇಳಬಹುದು. ಸಾಲದು. ನುಣ್ಣನೆಯ ಹೊಟ್ಟಿನ ಧೂಳು ಈ ಪ್ರಾಣಿಗಳ ಉಸಿರಾಟಕ್ಕೆ ಕೆಟ್ಟದ್ದು. ಘಮ್ಮೆನ್ನುವ ದೇವದಾರು, ಪೈನ್ ಜಾತಿಯ ಮರಗಳ ಹೊಟ್ಟಂತೂ ಇನ್ನೂ ಕೆಟ್ಟದ್ದು. ಬಟ್ಟೆಗೆ ಧೂಳಿಲ್ಲ. ತೊಳೆದರೆ ಮತ್ತೆ ಬರುತ್ತದೆ. ಪಾದದ ಚರ್ಮ ಒರಟು ಜಾಲರಿಗೆ ಉಜ್ಜಿ ಹುಣ್ಣಾಗುವ ಕಾಯಿಲೆ ಗಿನಿಪಿಗ್ಗಿಗೂ ಮೊಲಕ್ಕೂ ಸಾಮಾನ್ಯ. ಮೆತ್ತನೆಯ, ಒಣಗಿದ ಬಟ್ಟೆ ಅದನ್ನು ತಡೆಯುತ್ತದೆ. ಹ್ಯಾಮ್‌ಸ್ಟರ್ ಮಾತ್ರ ಬೇರೆ. ಅದು ಬಿಲ ತೋಡುವ ಪ್ರಾಣಿ. ಅದಕ್ಕೆ ಆಳವಾಗಿ ಹಾಕಿದ ಕಾಗದದ ಚೂರು ಬೇಕು, ಬಟ್ಟೆಯಲ್ಲ.

ಯಾವ ಬಟ್ಟೆ ಎಂಬುದು ಮುಂದಿನ ಪ್ರಶ್ನೆ. ಪಾಶ್ಚಾತ್ಯ ದೇಶಗಳ ಸಲಹೆಗಳೆಲ್ಲ ಫ್ಲೀಸ್ ಎನ್ನುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಮಿಲ್ಸ್ 1979ರಲ್ಲಿ ತಯಾರಿಸಿದ, ಚಳಿಗೆಂದೇ ಹುಟ್ಟಿದ ಪಾಲಿಯೆಸ್ಟರ್ ಬಟ್ಟೆ ಅದು. ಅದರ ಗುಣವನ್ನು ಒಪ್ಪಿಕೊಳ್ಳಲೇಬೇಕು: ತಾನು ಉಚ್ಚೆ ಹೀರದೆ ಕೆಳಗಿನ ಪದರಕ್ಕೆ ಬಿಟ್ಟುಕೊಡುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ, ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ. ಆದರೆ ಕೃಷ್ಣಾ ತೀರದ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಗಿನಿಪಿಗ್ಗಿನ ಮೂಲ ಆಂಡೀಸ್ ಪರ್ವತದ ತಂಪು. ಅದು ಬೆವರುವುದಿಲ್ಲ, ಮೊಲವೂ ಬೆವರುವುದಿಲ್ಲ. 30 ಡಿಗ್ರಿ ಆಚೆಗೆ ಎರಡಕ್ಕೂ ಬಿಸಿಲಾಘಾತದ ಭಯ. ಅಂಥ ಕಡೆ ಶಾಖ ಹಿಡಿದಿಡುವ ಬಟ್ಟೆಯಲ್ಲಿ ಗುಹೆ, ಚೀಲ ಹೊಲಿದುಕೊಟ್ಟರೆ ಅದು ಪ್ರೀತಿಯಿಂದ ಮಾಡಿದ ಒಲೆಯಾಗುತ್ತದೆ.

ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ಟ್ರಂಕಿನಲ್ಲಿದೆ. ತೆಲುಗಿನವರು ಬೊಂತ ಎನ್ನುತ್ತಾರೆ, ಕನ್ನಡದಲ್ಲಿ ಬೊಂತೆ ಎಂಬ ಹಳೆಯ ಪದವಿದೆ, ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರೆ. 12ನೇ ಶತಮಾನದ ಶರಣೆ ಬೊಂತಾದೇವಿಯ ಹೆಸರಲ್ಲೂ ಆ ಪದವಿದೆ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ ಹೊದಿಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳನ್ನು ಈಗ ಹೊರದೇಶದವರೂ ಕಲೆಯೆಂದು ನೋಡುತ್ತಾರೆ. ಅವರು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಒಳಗಡೆ ಬಿಡಿ ಹತ್ತಿಯಿಲ್ಲ, ಬಟ್ಟೆಯ ಮೇಲೆ ಬಟ್ಟೆ, ಎಲ್ಲವನ್ನೂ ಹಿಡಿದಿಟ್ಟ ಹೊಲಿಗೆಯ ಸಾಲು. ಸಣ್ಣ ಪ್ರಾಣಿಗೆ ಬೇಕಾದ ರಚನೆ ಹೆಚ್ಚುಕಡಿಮೆ ಇದೇ.

ಹೆಚ್ಚುಕಡಿಮೆ ಎನ್ನಲು ಕಾರಣವಿದೆ. ಕೌದಿ ಮನುಷ್ಯರ ಮೈಯಳತೆಯದು. ಅದರ ಹೊಲಿಗೆಯ ಉದ್ದ ಮನುಷ್ಯರ ಬೆರಳಿಗೆ ತೊಡಕಲ್ಲ, ಗಿನಿಪಿಗ್ಗಿನ ಉಗುರಿಗೆ ತೊಡಕು. ಸಡಿಲವಾದ ಒಂದು ದಾರ ಕಾಲಿಗೆ ಸುತ್ತಿಕೊಂಡರೆ ಪ್ರಾಣಿ ಎಳೆಯುತ್ತದೆ, ದಾರ ಬಿಗಿಯುತ್ತದೆ, ರಕ್ತ ನಿಲ್ಲುತ್ತದೆ. ಮನೆಯವರು ನೋಡುವ ಹೊತ್ತಿಗೆ ಕಾಲು ಹೋಗಿರಬಹುದು. ಅದಕ್ಕೇ ಹೊಲಿಗೆ ಅಕ್ಕಿಕಾಳಿಗಿಂತ ಉದ್ದ ಇರಬಾರದು. ದಾರ ಹತ್ತಿಯದಾಗಿರಬೇಕು. ನೈಲಾನ್ ದಾರ ತಾನು ಹರಿಯದೆ ಚರ್ಮವನ್ನು ಕೊಯ್ಯುತ್ತದೆ. ಅಂಚನ್ನು ಎರಡು ಸಲ ಒಳಕ್ಕೆ ಮಡಿಚಿ ಹೊಲಿಯಬೇಕು. ಸಿದ್ದಿ ಕೌದಿಯ ಮೂಲೆಗಳಲ್ಲಿ ಬರುವ ಬಟ್ಟೆಯ ಹೂವು ಎಷ್ಟೇ ಚೆಂದವಿರಲಿ, ಇಲ್ಲಿ ಬೇಡ. ಗುಂಡಿ, ಜರಿ, ಕನ್ನಡಿ ಯಾವುದೂ ಬೇಡ. ಹೀರಲೆಂದು ನಡುವೆ ಹಳೆಯ ಟರ್ಕಿ ಟವೆಲ್ ಇಡಬಹುದು, ಆದರೆ ಅದರ ಕುಣಿಕೆಗಳು ಹೊರಗೆ ಕಾಣಬಾರದು. ಟ್ರಂಕಿನಿಂದ ತೆಗೆದ ಸೀರೆಗೆ ನುಸಿಗುಳಿಗೆಯ ವಾಸನೆ ಇದ್ದರೆ ಅದು ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಿಗೆ ಹಾಕಬೇಕು, ಹೋಗದಿದ್ದರೆ ಆ ಸೀರೆಯನ್ನೇ ಬಿಡಬೇಕು. ಬಟ್ಟೆ ಕಡಿದು ನುಂಗುವ ಚಾಳಿಯ ಮೊಲಕ್ಕೆ ಬೊಂತೆಯೂ ಬೇಡ, ಹುಲ್ಲೇ ಸರಿ.

ಹತ್ತಿಬಟ್ಟೆ ಉಚ್ಚೆಯನ್ನು ಹಿಡಿದಿಟ್ಟುಕೊಂಡು ಪ್ರಾಣಿಯನ್ನು ಒದ್ದೆಯಲ್ಲೇ ಕೂರಿಸುತ್ತದೆ ಎಂಬ ಆಕ್ಷೇಪ ನಿಜ. ಆದರೆ ಅದು ಒಂದೇ ಒಂದು ಬೊಂತೆ ಇರುವವರಿಗೆ ಸಲ್ಲುವ ಆಕ್ಷೇಪ. ಕೊಂಡ ಫ್ಲೀಸ್ ಹಾಸಿಗೆ ಒಂದೇ ಇರುತ್ತದೆ. ಒಂದು ಹಳೆ ಸೀರೆಯಲ್ಲಿ ಗೂಡಿನಳತೆಯ ಹಲವು ಪದರ ಸಿಗುತ್ತದೆ. ಎರಡು ಮೂರು ಸೀರೆಗೆ ನಾಲ್ಕೈದು ಬೊಂತೆ. ದಿನಕ್ಕೊಂದು ತೆಗೆದು, ಒಂದಿಷ್ಟು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ವಾಸನೆಯಿಲ್ಲದ ಸೋಪಿನಲ್ಲಿ ಒಗೆದು ಒಣಗಿಸಿದರೆ ಆಯಿತು. ಈ ಪ್ರಾಣಿಗಳ ಉಚ್ಚೆಯಲ್ಲಿ ಸುಣ್ಣದಂಶ ಇರುವುದರಿಂದ ಬಿಳಿ ಕಲೆ ಕೂರುತ್ತದೆ, ವಿನೆಗರ್ ಅದನ್ನು ಬಿಡಿಸುತ್ತದೆ. ಫಿನಾಯಿಲ್ ಹತ್ತಿರಕ್ಕೂ ಸುಳಿಯಬಾರದು. ಮಳೆಗಾಲದ ವಿಶಾಖಪಟ್ಟಣದಲ್ಲೋ ಮಂಗಳೂರಿನಲ್ಲೋ ಬಟ್ಟೆ ಒಂದು ದಿನದಲ್ಲಿ ಒಣಗುವುದಿಲ್ಲ. ಅಲ್ಲಿ ಪದರ ಕಡಿಮೆ ಮಾಡಿ ಸಂಖ್ಯೆ ಹೆಚ್ಚಿಸಬೇಕು. ಅರ್ಧ ಒಣಗಿದ್ದನ್ನು ಹಾಸುವುದಕ್ಕಿಂತ ಆ ದಿನ ಹಳೆಯ ದಿನಪತ್ರಿಕೆಯ ಮೇಲೆ ಹುಲ್ಲು ಹರಡುವುದು ಮೇಲು. ಚಳಿ ಊರಲ್ಲಿ, ಎ.ಸಿ. ಕೋಣೆಯಲ್ಲಿ ಫ್ಲೀಸ್ ಬಳಸಿದರೆ ತಪ್ಪೇನಿಲ್ಲ. ಹವೆ ನೋಡಿ ಬಟ್ಟೆ ಆರಿಸುವುದು ಮುಖ್ಯ.

ಕೈಯಲ್ಲಿ ಹೊಲಿದದ್ದೆಲ್ಲ ಪ್ರೀತಿಯ ಗುರುತು ಎಂಬ ನಂಬಿಕೆ ಗಟ್ಟಿಯಾಗಿದೆ. ಫೋಟೊದಲ್ಲಿ ದಿಂಬಿನ ಮೇಲೆ ಮಲಗಿದ ಮೊಲ ಚೆಂದವಾಗಿಯೇ ಕಾಣುತ್ತದೆ. ಆದರೆ ಮೊಲಕ್ಕೆ ಆ ಹೂಬಣ್ಣವೂ ಬೇಡ, ಫೋಟೊವೂ ಬೇಡ. ಕಾಲಡಿ ಒಣಗಿದೆಯೇ, ಉಗುರು ಸಿಕ್ಕಿಕೊಳ್ಳುತ್ತದೆಯೇ, ಮೈ ತಂಪಾಗಿದೆಯೇ ಎಂಬಷ್ಟೇ ಅದರ ಲೆಕ್ಕ. ಹೊಲಿದು ಮುಗಿಸಿದ ಮೇಲೆ ಬೊಂತೆಯ ಎರಡೂ ಮಗ್ಗುಲ ಮೇಲೆ ಕಿರುಬೆರಳಿನ ಉಗುರನ್ನು ಗೀರುತ್ತ ಹೋಗಬೇಕು. ಎಲ್ಲಿ ಉಗುರು ನಿಂತಿತೋ ಅಲ್ಲಿ ಮತ್ತೆ ಸೂಜಿ ಹಾಕಬೇಕು.