ಪುರಂದರದಾಸರಿಗೂ ಕಾಪಿರೈಟ್ ಇದ್ಯಾ?

(1/3)
ಜೂನಿಯರ್ ಎಕ್ಸಾಮ್ ಹತ್ರ ಬಂದ್ರೆ ಸಾಕು, ಸಂಗೀತ ಕಲಿಯೋರ ಗ್ರೂಪಲ್ಲಿ ಎರಡು ಮೆಸೇಜ್ ಗ್ಯಾರಂಟಿ. ಒಂದು: "ಗೀತೆದು ನಾಲ್ಕು ಪೇಜ್ ಜೆರಾಕ್ಸ್ ಕೇಳಿದ್ರೆ ಅಂಗಡಿಯವ್ರು ಕಾಪಿರೈಟ್ ಇದೆ, ಆಗಲ್ಲ ಅಂದ್ರು." ಇನ್ನೊಂದು: "ಪೂರ್ತಿ ಬುಕ್ ಪಿಡಿಎಫ್ ಇದೆ, ಯಾರಿಗೆ ಬೇಕು?" ಅದರ ಕೆಳಗೆ ಸಾಲಾಗಿ "ನಂಗೂ, ನಂಗೂ".

ತಪ್ಪಿಲ್ಲದ ಕೆಲಸಕ್ಕೆ ಹೆದರ್ತೀವಿ, ತಪ್ಪಿರೋ ಕೆಲಸನ ಆರಾಮಾಗಿ ಮಾಡ್ತೀವಿ. ನನ್ನ ಪ್ರಕಾರ ಕಾರಣ ಒಂದೇ: ಹಾಡು ಬೇರೆ, ಪುಸ್ತಕ ಬೇರೆ ಅನ್ನೋದನ್ನ ಮರೀತೀವಿ.

ಮೊದಲು ಹಾಡಿನ ಲೆಕ್ಕ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಈಗಿನ ನಿಯಮದಂತೆ ರಚನೆಕಾರರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. ಪುರಂದರದಾಸರು 16ನೇ ಶತಮಾನದವರು. ಮುತ್ತುಸ್ವಾಮಿ ದೀಕ್ಷಿತರು ತೀರಿಕೊಂಡಿದ್ದು 1835ರಲ್ಲಿ, ತ್ಯಾಗರಾಜರು 1847ರಲ್ಲಿ. ಇವರ ರಚನೆಗಳು ಎಲ್ಲರ ಸ್ವತ್ತು. ನಮ್ಮ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡಿದ್ದು 1961ರಲ್ಲಿ. ಅವರು ಬದುಕಿದ್ದಾಗಲೇ ಹೊರಬಂದ ಕೃತಿಗಳು ಮುಕ್ತವಾಗಿದ್ದು 2022ರ ಜನವರಿ 1ಕ್ಕೆ! ಅಂದ್ರೆ "ಶಾಸ್ತ್ರೀಯ ಸಂಗೀತ ಅಂದ್ಮೇಲೆ ಎಲ್ಲ ಹಳೇದು, ಎಲ್ಲ ಫ್ರೀ" ಅನ್ನೋದೂ ಸರಿಯಲ್ಲ.

(2/3)
ಇನ್ನು ಪುಸ್ತಕ. ಒಬ್ಬ ಮೇಷ್ಟ್ರು ತಮ್ಮ ಪಾಠಾಂತರದ ಸಂಗತಿಗಳನ್ನ ಒಂದೊಂದಾಗಿ ಸ್ವರ ಹಾಕಿ ಬರೆದು, ಸಾಹಿತ್ಯಕ್ಕೆ ಅರ್ಥ, ರಾಗಲಕ್ಷಣ ಎಲ್ಲ ಸೇರಿಸಿದ್ರೆ ಆ ಬರವಣಿಗೆ ಅವರದ್ದು. ಕೆರೆ ನೀರು ಊರಿನದ್ದೇ, ಆದ್ರೆ ಹೊತ್ತು ತಂದ ಕೊಡ ಹೊತ್ತವರದ್ದು ಅಲ್ವಾ?

ಹಾಗಂತ ನಾಲ್ಕು ಪೇಜ್ ಜೆರಾಕ್ಸ್ ಅಪರಾಧನಾ? ಅಲ್ಲ. ಕಾಯ್ದೆಯ 52ನೇ ಸೆಕ್ಷನ್ ಓದಿ. ಸ್ವಂತ ಕಲಿಕೆಗೆ ನ್ಯಾಯವಾದ ಮಿತಿಯಲ್ಲಿ ಬಳಸಬಹುದು. ಪಾಠದ ಭಾಗವಾಗಿ ಕಲಿಸೋರು ಅಥವಾ ಕಲಿಯೋರು ಪ್ರತಿ ಮಾಡ್ಕೋಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಥರದ ದೊಡ್ಡ ಪ್ರಕಾಶಕರು 2012ರಲ್ಲಿ ಕೇಸ್ ಹಾಕಿದ್ರು. 2016ರಲ್ಲಿ ದೆಹಲಿ ಹೈಕೋರ್ಟ್ ವಿದ್ಯಾರ್ಥಿಗಳ ಕಡೆ ನಿಂತಿತು. ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡೋಕೆ ಕಾನೂನಲ್ಲೇ ಜಾಗ ಇದೆ ಅನ್ನೋದು ಅದರ ಸಾರ.

(3/3)
"ಪಾಠಕ್ಕೆ ಬೇಕಾದಷ್ಟು." ಈ ಮಾತನ್ನೇ ನಾವು ಗಟ್ಟಿಯಾಗಿ ಹಿಡ್ಕೋಬೇಕು. ಈ ವಾರದ ಪಾಠದ ಎರಡು ಗೀತೆ, ಒಂದು ವರ್ಣ? ಧೈರ್ಯವಾಗಿ ಜೆರಾಕ್ಸ್ ಮಾಡಿಸಿ. ಆದ್ರೆ ಇಡೀ ಪುಸ್ತಕ ಸ್ಪೈರಲ್ ಬೈಂಡ್ ಮಾಡ್ಸಿ ಬ್ಯಾಚಿಗೆಲ್ಲ ಮಾರೋದು, ಪಿಡಿಎಫ್ ಮಾಡಿ ಊರಿಗೆಲ್ಲ ಹಂಚೋದು ಪಾಠ ಅಲ್ಲ.

"ಬರೆದವರಿಗೇನು ನಷ್ಟ, ನಾಲ್ಕು ಜನ ಕಲೀತಾರೆ ಬಿಡಿ" ಅಂತೀರಾ? ಬಿಕಾಂನವರಿಗೆ ಇದು ಸುಲಭವಾಗಿ ಅರ್ಥ ಆಗ್ಬೇಕು. ಕನ್ನಡದ ಸ್ವರಲಿಪಿ ಪುಸ್ತಕಕ್ಕೆ ಇರೋದೇ ಸಣ್ಣ ಮಾರ್ಕೆಟ್. ಡಿಟಿಪಿ, ಪ್ರೂಫ್, ಪ್ರಿಂಟ್ ಖರ್ಚು ಮೊದಲೇ ಕೈಬಿಟ್ಟಿರುತ್ತೆ. ಮೊದಲ ಮುದ್ರಣದ ದುಡ್ಡೇ ವಾಪಸ್ ಬರದಿದ್ರೆ ಎರಡನೇ ಮುದ್ರಣ ಯಾರು ಮಾಡ್ತಾರೆ? ಆಮೇಲೆ ನಾವೇ "ಒಳ್ಳೆ ಬುಕ್ ಸಿಗಲ್ಲ" ಅಂತ ಗೊಣಗ್ತೀವಿ.

ನಿಜವಾಗ್ಲೂ ಸಿಗದ ಪುಸ್ತಕಕ್ಕೂ ದಾರಿ ಇದೆ. ಮಾರಾಟಕ್ಕೆ ಲಭ್ಯ ಇಲ್ಲದ ಪುಸ್ತಕದ ಮೂರು ಪ್ರತಿವರೆಗೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡ್ಕೋಬಹುದು. ಸಂಗೀತದ ಹಾಳೆಗಳೂ ಇದರಲ್ಲಿ ಸೇರುತ್ತೆ ಅಂತ ಕಾಯ್ದೆಯಲ್ಲೇ ಬರೆದಿದೆ. ನಿಮ್ಮೂರ ಲೈಬ್ರರಿಯಲ್ಲಿ ಹೋಗಿ ಕೇಳಿ. ಬರೆದವರು ಅಥವಾ ಅವರ ಮನೆಯವರು ಸಿಕ್ಕಿದ್ರೆ ಫೋನ್ ಮಾಡಿ ಅನುಮತಿ ಕೇಳಿ.

ಮುಂದಿನ ಸಲ ಗ್ರೂಪಲ್ಲಿ ಪೂರ್ತಿ ಪಿಡಿಎಫ್ ಬಂದ್ರೆ "ನಂಗೂ" ಅನ್ನೋ ಮುಂಚೆ ಒಂದು ಪ್ರಶ್ನೆ ಹಾಕಿ: "ಇದು ಎಲ್ಲಿ ಸಿಗುತ್ತೆ, ರೇಟ್ ಎಷ್ಟು?" ಹತ್ತು ಜನ ಸೇರಿ ಒಟ್ಟಿಗೆ ತರ್ಸಿದ್ರೆ ಕೊರಿಯರ್ ಖರ್ಚೂ ಹಂಚಿಹೋಗುತ್ತೆ.

ಒಪ್ಪದೇ ಇದ್ರೆ ಕಾಮೆಂಟಲ್ಲಿ ಬನ್ನಿ, ಮಾತಾಡೋಣ.

#ಕರ್ನಾಟಕಸಂಗೀತ #ಜೆರಾಕ್ಸ್‌ಪುರಾಣ #ಬಿಕಾಂಡೈರಿ