ನೆಲೆಯನ್ನರಸುತ್ತಿರುವ ಒಂದು ವಿಕಿ: ಕುಲಪತಿಗಳಿಗೆ ಬಹಿರಂಗ ಪತ್ರ

ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳ ಸನ್ನಿಧಿಗೆ,

ಗಣಕಯಂತ್ರದಲ್ಲಿ ಕನ್ನಡವನ್ನು ಬಳಸಹೊರಟು ನಡುದಾರಿಯಲ್ಲಿ ತಡವರಿಸುವ ಶಾಲಾ ಉಪಾಧ್ಯಾಯರು, ಪಂಚಾಯಿತಿ ಕಚೇರಿಯ ಗುಮಾಸ್ತರು, ಡಿಟಿಪಿ ಅಂಗಡಿಯ ಹುಡುಗರು, ಇಳಿವಯಸ್ಸಿನಲ್ಲಿ ಆತ್ಮಕಥೆಯನ್ನು ಬರೆಯಲು ಕುಳಿತ ನಿವೃತ್ತರು, ಇವರೆಲ್ಲರಿಗೂ ನೆರವಾಗಲೆಂದು ಕೆಲವು ಮಂದಿ ಸ್ವಯಂಸೇವಕರು ಹಲವು ವರ್ಷಗಳಿಂದ ಬರೆದು, ತಿದ್ದಿ, ಬೆಳೆಸಿಕೊಂಡು ಬಂದಿರುವ ಸಹಾಯ ವಿಕಿಯೊಂದು ಈಗ ನೆಲೆ ತಪ್ಪುವ ಸ್ಥಿತಿಗೆ ಬಂದಿದೆ. ಅದರ ಸರ್ವರಿನ ಬಾಡಿಗೆಯನ್ನು ಇಷ್ಟು ಕಾಲವೂ ತಮ್ಮ ಕೈಯಿಂದಲೇ ತೆತ್ತ ಮಹನೀಯರೊಬ್ಬರು ವಯೋಧರ್ಮದಿಂದ ಆ ಭಾರವನ್ನು ಇಳುಹಲು ಬಯಸಿದ್ದಾರೆ. ಅವರಲ್ಲಿ ನಮಗಿರುವುದು ಕೃತಜ್ಞತೆಯೇ ಹೊರತು ಆಕ್ಷೇಪವಲ್ಲ. ಆ ವಿಕಿಗೆ ತಮ್ಮ ವಿದ್ಯಾಸಂಸ್ಥೆಯಲ್ಲಿ ಆಶ್ರಯವನ್ನು ಬೇಡುವುದಕ್ಕಾಗಿಯೂ, ಆ ಆಶ್ರಯದ ಸ್ವರೂಪವೇನೆಂಬುದನ್ನು ಮುಂಚಿತವಾಗಿಯೇ ಇತ್ಯರ್ಥಮಾಡಿಕೊಳ್ಳುವುದಕ್ಕಾಗಿಯೂ ಈ ಪತ್ರವನ್ನು ಬರೆಯುತ್ತಿದ್ದೇನೆ. ನೂರಾರು ಕೈಗಳು ಕೂಡಿ ಬರೆದುದನ್ನು ಕುರಿತು ಇಬ್ಬರು ಮೂವರು ಮುಚ್ಚಿದ ಕೋಣೆಯಲ್ಲಿ ಮಾತನಾಡಿಕೊಳ್ಳುವುದು ನ್ಯಾಯವಲ್ಲವಾದುದರಿಂದ ಪತ್ರ ಬಹಿರಂಗವಾಗಿದೆ.

ಅದರಲ್ಲಿ ಅಂತಹ ಘನವಾದದ್ದೇನಿದೆಯೆಂದು ತಾವು ಕೇಳಬಹುದು. ಪಾಂಡಿತ್ಯವೇನೂ ಇಲ್ಲ. ‘ರ‍್ಯಾಂಕ್’ ಎಂದು ಬರೆಯಹೊರಟವನಿಗೆ ಯಂತ್ರವು ಹಟಹಿಡಿದು ಅರ್ಕಾವೊತ್ತಿನ ‘ರ್ಯಾಂಕ್’ ಎಂಬ ರೂಪವನ್ನೇ ಕೊಡುವಾಗ, ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಯೋಜಕ ಸಂಕೇತವನ್ನು ಇರಿಸಿದರೆ ಬೇಕಾದ ರೂಪ ದೊರೆಯುತ್ತದೆಂಬುದನ್ನು, ಅದಕ್ಕೆ ಯಾವ ಕೀಲಿಮಣೆಯಲ್ಲಿ ಯಾವ ಕೀಲಿಯನ್ನು ಒತ್ತಬೇಕೆಂಬುದನ್ನು, ಅಲ್ಲಿಯ ಒಂದು ಪುಟ ತಿಳಿಸುತ್ತದೆ. 2012ರಲ್ಲಿ ಕರ್ನಾಟಕ ಸರ್ಕಾರವು ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತಾದರೂ, ಅದಕ್ಕೆ ಹಿಂದೆ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದ ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಸಿದ್ಧವಾದ ಪುಸ್ತಕಗಳೂ, ಪ್ರಬಂಧಗಳೂ, ಕಚೇರಿಯ ಕಡತಗಳೂ ಅಪಾರವಾಗಿ ಉಳಿದಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದೊಡನೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿಬಿಡುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಬಗೆ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳಲ್ಲಿಯೂ ದೀರ್ಘಗಳಲ್ಲಿಯೂ ಉಳಿಯುವ ದೋಷಗಳು, ಅವನ್ನು ಹುಡುಕಿ ತಿದ್ದುವ ಉಪಾಯ, ಲಿಬ್ರೆಆಫೀಸಿನಲ್ಲಿ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಅಳವಡಿಸುವ ಕ್ರಮ, ಇವೆಲ್ಲವೂ ಅಲ್ಲಿವೆ. ಇವಾವುವೂ ಪಠ್ಯಪುಸ್ತಕಗಳಿಗೆ ಏರುವ ಸಂಗತಿಗಳಲ್ಲ. ತಿಳಿದವನು ತಿಳಿಯದವನಿಗೆ ಹೇಳಿದರೆ ಉಳಿಯುತ್ತವೆ, ಇಲ್ಲವಾದರೆ ಇಲ್ಲ. ಕುವೆಂಪು ಅವರ ಹೆಸರಿನಲ್ಲಿ ಕನ್ನಡ ತಂತ್ರಾಂಶವನ್ನು ಹೊರತಂದ ವಿಶ್ವವಿದ್ಯಾಲಯಕ್ಕೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇಂತಹ ಬರಹಗಳು ಎಷ್ಟು ಸುಲಭವಾಗಿ ನಾಶವಾಗುತ್ತವೆಂಬುದಕ್ಕೆ ಹೊರನಾಡಿನ ನಿದರ್ಶನಗಳು ಸಾಲದೆ ಇಲ್ಲ. ಜೆಂಟೂ ಎಂಬ ಲಿನಕ್ಸ್ ಪ್ರಭೇದದ ಬಳಕೆದಾರರು ತಾವಾಗಿಯೇ ಕಟ್ಟಿಕೊಂಡಿದ್ದ ಸಹಾಯ ವಿಕಿಯ ದತ್ತಾಂಶವು 2008ರಲ್ಲಿ ಸಮರ್ಪಕವಾದ ನಕಲುಪ್ರತಿಯಿಲ್ಲದೆ ಕಳೆದುಹೋಗಿ, ಹುಡುಕುಯಂತ್ರಗಳ ಸಂಗ್ರಹದಲ್ಲಿ ದೈವವಶದಿಂದ ಉಳಿದಿದ್ದ ಪುಟಗಳನ್ನು ಒಂದೊಂದಾಗಿ ಆರಿಸಿ ಜೋಡಿಸಬೇಕಾಯಿತು. ಸನ್ ಸಂಸ್ಥೆಯು 2000ದಲ್ಲಿ ಲೋಕಕ್ಕೆ ಮುಕ್ತಗೊಳಿಸಿದ್ದ ಓಪನ್‌ಆಫೀಸ್ ತಂತ್ರಾಂಶವು, 2010ರಲ್ಲಿ ಆ ಸಂಸ್ಥೆಯೇ ಒರೇಕಲ್ಲಿನ ವಶವಾದ ಬಳಿಕ, 2011ರ ಜೂನ್ ತಿಂಗಳಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಸಮರ್ಪಿತವಾದಾಗ, ತಂತ್ರಾಂಶದೊಂದಿಗೆ ಅದರ ವಿಕಿಯನ್ನೂ ಹಳೆಯ ಸರ್ವರುಗಳಿಂದ ಕಿತ್ತು ನೆಡಬೇಕಾಗಿ ಬಂತು.

ಆದರೆ ನಮ್ಮ ಪ್ರಕರಣಕ್ಕೆ ಅತ್ಯಂತ ಬೋಧಪ್ರದವಾದದ್ದು, ತಂತ್ರಾಂಶಕ್ಕೆ ಸಂಬಂಧಿಸಿದ್ದಲ್ಲದಿದ್ದರೂ, ವಿಕಿಟ್ರಾವೆಲ್ ಎಂಬ ಪ್ರವಾಸ ಕೈಪಿಡಿಯ ವೃತ್ತಾಂತ. 2003ರಲ್ಲಿ ಆರಂಭವಾದ ಆ ವಿಕಿಯನ್ನು 2006ರಲ್ಲಿ ವಾಣಿಜ್ಯ ಸಂಸ್ಥೆಯೊಂದು ಕೊಂಡುಕೊಂಡಿತು. ಜರ್ಮನ್ ಭಾಷೆಯ ಲೇಖಕರು ಅದೇ ವರ್ಷ ಬೇರೆಯಾದರು. ಇಂಗ್ಲಿಷಿನವರು 2012ರಲ್ಲಿ ಹೊರಟಾಗ ಕಂಪನಿಯು ಇಬ್ಬರು ಸ್ವಯಂಸೇವಕರ ಮೇಲೆ ದಾವೆಯನ್ನೇ ಹೂಡಿತು. ಕಡೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ವಿಕಿವೊಯೇಜ್ ಎಂಬ ಹೆಸರಿನಿಂದ ಹೊರಟವರ ವಿಕಿಯು ವಿಕಿಮೀಡಿಯಾದ ಆಶ್ರಯದಲ್ಲಿ 2013ರ ಜನವರಿ 15ರಂದು ಲೋಕಾರ್ಪಣವಾಯಿತು. ಹೊರಟವರು ಬರಹವನ್ನೆಲ್ಲ ಒಯ್ಯಬಲ್ಲವರಾದದ್ದು ಅದಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿದ್ದುದರಿಂದ; ಆದರೆ ಹೆಸರು ಮತ್ತು ವಿಳಾಸ ಕಂಪನಿಯಲ್ಲಿಯೇ ಉಳಿದುವು.

ಈ ಕಾರಣದಿಂದಲೇ, ಯಾಚಕನಿಗೆ ಒಪ್ಪದ ಧಾರ್ಷ್ಟ್ಯವೆಂದು ತೋರಿದರೂ ತೋರಲಿ, ನಮ್ಮ ಬಿನ್ನಹಕ್ಕೆ ಕೆಲವು ಕಟ್ಟಳೆಗಳನ್ನು ಜೋಡಿಸುತ್ತಿದ್ದೇನೆ. ವಿಕಿಯ ಜಾಲವಿಳಾಸ ಈಗಿರುವಂತೆ ಸಂಪಾದಕ ಬಳಗದ ಹೆಸರಿನಲ್ಲಿಯೇ ಇರತಕ್ಕದ್ದು. ಅದು ಸೂಚಿಸುವ ಯಂತ್ರ ಮಾತ್ರ ತಮ್ಮದಾಗಲಿ. ಹಾಗಾದರೆ ಊರೂರಿನ ಉಪಾಧ್ಯಾಯರು ಬರೆದಿಟ್ಟುಕೊಂಡ ಕೊಂಡಿಗಳು ಸುಳ್ಳಾಗವು. ನಾಳೆ ತಮ್ಮ ಉತ್ತರಾಧಿಕಾರಿಗಳಿಗೆ ಈ ವಿಕಿ ಹೊರೆಯೆನಿಸಿದರೆ ಯಾರ ಮನಸ್ಸನ್ನೂ ನೋಯಿಸದೆ ಇನ್ನೊಂದೆಡೆಗೆ ತೆರಳಬಹುದು.

ಇದಕ್ಕಿಂತಲೂ ಮುಖ್ಯವಾದದ್ದು ತಿದ್ದುವ ಹಕ್ಕು. ನಮ್ಮ ನಾಡಿನ ಕಚೇರಿಗಳ ಕೈಗೆ ಬಂದ ಬರಹಕ್ಕೆ ಸಾಮಾನ್ಯವಾಗಿ ಒದಗುವ ಗತಿಯನ್ನು ನಾನು ಬಲ್ಲೆ: ಅದನ್ನು ಪಿಡಿಎಫ್ ಮಾಡಿ, ಮೇಲೆ ಲಾಂಛನವನ್ನಿಟ್ಟು, ಸಮಾರಂಭದಲ್ಲಿ ಬಿಡುಗಡೆಮಾಡಿ, ಮತ್ತೆ ಯಾರೂ ಮುಟ್ಟದಂತೆ ಇರಿಸುವುದು. ತಂತ್ರಾಂಶದ ಆವೃತ್ತಿ ಬದಲಾದಂತೆಲ್ಲ ಸಹಾಯಪುಟವೂ ಬದಲಾಗಬೇಕು. ಮೆನುವಿನಲ್ಲಿ ಒಂದು ಆಯ್ಕೆ ಜಾಗ ಬದಲಿಸಿದರೆ ನಿನ್ನೆಯ ಸತ್ಯವಾದ ಸೂಚನೆ ಇಂದು ದಾರಿತಪ್ಪಿಸುತ್ತದೆ. ಆದುದರಿಂದ ಯಾವ ಪುಟವನ್ನು ತಿದ್ದುವುದಕ್ಕೂ ಅಧಿಕಾರಿಗಳ ಪೂರ್ವಾನುಮತಿ ಬೇಕೆಂಬ ನಿಯಮ ಬರಕೂಡದು. ಸ್ಪ್ಯಾಮ್ ಹಾಕುವವರ ಉಪದ್ರವವನ್ನು ತಡೆಯುವ ಹೊಣೆ ನಮ್ಮ ನಿರ್ವಾಹಕರದು. ಭದ್ರತಾ ತಪಾಸಣೆ ಬೇಕೆಂದರೆ ಅದಕ್ಕೂ ನಾವು ಸಿದ್ಧ. ನಮ್ಮ ಶಾಸನಗಳಲ್ಲಿ ಕಟ್ಟುಕೊಡಗೆಯೆಂಬ ಮಾತು ಬರುತ್ತದಷ್ಟೆ: ಕೆರೆಯನ್ನು ಕಟ್ಟಿದವರಿಗೂ ಕಾಯುವವರಿಗೂ ಭೂಮಿಯನ್ನು ಮಾನ್ಯವಾಗಿ ಬಿಡುತ್ತಿದ್ದರು; ತೂಬನ್ನು ಎತ್ತುವುದಕ್ಕೆ ಪ್ರತಿಸಲವೂ ಅರಮನೆಯ ಅಪ್ಪಣೆಯನ್ನು ಕಾಯಿರೆಂದು ಯಾವ ದಾನಿಯೂ ಬರೆಯಿಸಿದಂತೆ ಕಾಣೆ. ತಮ್ಮಿಂದ ನಾವು ಬೇಡುವುದು ಅಂತಹ ಕೊಡಗೆಯನ್ನು.

ಪ್ರತಿಯೊಂದು ಪುಟದ ಹಿಂದೆಯೂ ಅದರ ಪರಿಷ್ಕರಣಗಳ ಇತಿಹಾಸವಿದೆ. ಯಾರು, ಎಂದು, ಏನನ್ನು ಬದಲಿಸಿದರೆಂಬುದು ಅಲ್ಲಿ ದಾಖಲಾಗಿದೆ. ನಮ್ಮ ಪರವಾನಗಿಯು ಲೇಖಕರ ಉಲ್ಲೇಖವನ್ನು ಕಡ್ಡಾಯವಾಗಿಸಿರುವುದರಿಂದ, ಇತ್ತೀಚಿನ ಪಾಠವನ್ನು ಮಾತ್ರ ನಕಲಿಳಿಸಿ ಹಿಂದಿನದನ್ನು ಕೈಬಿಡುವುದು ಅಪಚಾರವಷ್ಟೇ ಅಲ್ಲ, ಕರಾರಿನ ಉಲ್ಲಂಘನೆಯೂ ಹೌದು. ಹಸ್ತಪ್ರತಿಗಳ ಪಾಠಾಂತರಗಳನ್ನು ಕಣ್ಣಿಗೆಣ್ಣೆ ಹಾಕಿಕೊಂಡು ಕಾಯುವ ವಿದ್ವಾಂಸರ ನಡುವೆ ಇದಕ್ಕೆ ವಿರೋಧ ಬರಲಾರದೆಂದು ನಂಬಿದ್ದೇನೆ. ಸಾಗಣೆಯ ವಿಷಯದಲ್ಲಿ ತಮ್ಮ ಗಣಕ ವಿಭಾಗದವರಿಗೆ ಒಂದು ಸೂಚನೆ: ನಮ್ಮ ವಿಕಿಯನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಿಂದ ತೆಗೆದ ಎಕ್ಸ್‌ಎಂಎಲ್ ಕಡತದಲ್ಲಿ ಪಠ್ಯವೂ ಇತಿಹಾಸವೂ ಬರುತ್ತವೆಯೇ ಹೊರತು ಚಿತ್ರಗಳಾಗಲಿ ಸದಸ್ಯರ ಖಾತೆಗಳಾಗಲಿ ಬರುವುದಿಲ್ಲ; ಸಹಾಯಪುಟದಲ್ಲಿ ಪರದೆಯ ಚಿತ್ರವೇ ಅರ್ಧ ಮಾತಾದುದರಿಂದ, ಚಿತ್ರಕೋಶವನ್ನೂ ಸಂಪೂರ್ಣ ದತ್ತಸಂಚಯವನ್ನೂ ಬೇರೆಯಾಗಿಯೇ ನಕಲುಮಾಡಬೇಕು. ಯಂತ್ರದ ಶಕ್ತಿ ಹೆಚ್ಚೇನೂ ಬೇಡ. ತಮ್ಮಲ್ಲಿ ಈಗಾಗಲೇ ಓಡುತ್ತಿರುವ ಸರ್ವರಿನ ಒಂದು ಮೂಲೆ ಸಾಕು.

ತಮಗೆ ಸಮ್ಮತವಾದರೆ, ಮೊದಲು ಪರೀಕ್ಷಾರ್ಥವಾಗಿ ಒಂದು ಪ್ರತಿಯನ್ನು ತಮ್ಮಲ್ಲಿ ನಿಲ್ಲಿಸಿ, ಪುಟಗಳನ್ನೂ ಚಿತ್ರಗಳನ್ನೂ ಒಂದೊಂದಾಗಿ ತಾಳೆನೋಡಿ, ಆಮೇಲೆ ವಿಳಾಸವನ್ನು ಅತ್ತ ತಿರುಗಿಸೋಣ. ಅದುವರೆಗೆ ಹಳೆಯ ಸರ್ವರಿನ ಬಾಡಿಗೆಯನ್ನು ಬಳಗದವರೇ ಹಂಚಿಕೊಂಡು ಕೊಡುವೆವು. ಸಮ್ಮತವಿಲ್ಲದಿದ್ದರೆ ಅದನ್ನೂ ತಡಮಾಡದೆ ತಿಳಿಸಬೇಕಾಗಿ ಪ್ರಾರ್ಥನೆ. ಇನ್ನೊಂದು ಬಾಗಿಲನ್ನು ತಟ್ಟುವುದಕ್ಕೆ ನಮಗೆ ಸಮಯ ಬೇಕು.

ಇತಿ,
ಸಂಪಾದಕ ಬಳಗದ ಪರವಾಗಿ,
ತಮ್ಮ ವಿಶ್ವಾಸಿ